ಬಾತಿಗೊಂದು ಈಜು ಪರೀಕ್ಷೆ

ಟವೆಲ್ಲನ್ನು ಚೀಲಕ್ಕೆ ಹಾಕಿ, ತೆಗೆದು, ಮತ್ತೆ ಮಡಿಸಿ ಹಾಕಿದ್ದು ಇದು ಮೂರನೆಯ ಸಲ. ಟವೆಲ್ಲಿನಲ್ಲಿ ತಪ್ಪೇನೂ ಇಲ್ಲವೆಂದು ಇಸಾವ್ರೊಗೂ ಗೊತ್ತಿತ್ತು. ಬೆಳಿಗ್ಗೆ ಐದಕ್ಕೇ ಎದ್ದು ಬಾದಾಮಿ ತೋಟಕ್ಕೆ ಹೋಗಿ ಹದಿನಾಲ್ಕು ವಾಲ್ವುಗಳನ್ನು ತಿರುಗಿಸಿ ಬಂದಿದ್ದ. ಹನ್ನೊಂದು ವರ್ಷದಿಂದ ನೀರನ್ನು ಹೇಳಿದ ಕಡೆಗೆ ಹರಿಸುವುದೇ ಅವನ ಕೆಲಸ. ಇವನ ಮಾತನ್ನು ಹೆಂಡತಿ ಕೇಳುತ್ತಾಳೋ ಇಲ್ಲವೋ ಮದುವೆಯಾದ ಮೇಲೆ ನೋಡೋಣ, ನೀರಂತೂ ಕೇಳುತ್ತದೆ ಎಂದು ಮೇಸ್ತ್ರಿ ತಮಾಷೆ ಮಾಡುತ್ತಿದ್ದ. ಆದರೆ ಅದು ಮೊಣಕಾಲಿನ ಕೆಳಗಿನ ನೀರು. ಇವತ್ತು ಹನ್ನೊಂದು ಗಂಟೆಗೆ ಕಾಲೇಜಿನ ಈಜುಕೊಳದಲ್ಲಿ ಅವನು ಈ ತುದಿಯಿಂದ ಆ ತುದಿಗೆ, ಇಪ್ಪತ್ತೈದು ಗಜ, ನೆಲ ಮುಟ್ಟದೆ, ಪಕ್ಕಕ್ಕೆ ಕಟ್ಟಿದ ಹಗ್ಗ ಹಿಡಿಯದೆ ಹೋಗಬೇಕಿತ್ತು. ಹೋದರೆ ಓದಿನ ಲೆಕ್ಕಕ್ಕೆ ಸೇರುವ ಒಂದು ಯೂನಿಟ್ ಸಿಗುತ್ತದೆ. ಹೋಗದಿದ್ದರೆ, ಅಮ್ಮ ಫ್ರಿಜ್ಜಿನ ಬಾಗಿಲಿಗೆ ಗ್ವಾದಲೂಪೆ ದೇವಮಾತೆಯ ಚಿತ್ರದ ಕೆಳಗೆ ಸಿಕ್ಕಿಸಿಟ್ಟಿರುವ ವಿಶ್ವವಿದ್ಯಾಲಯದ ಪತ್ರವನ್ನು ತೆಗೆದಿಡಬೇಕಾಗುತ್ತದೆ.

ಆ ಪತ್ರದಲ್ಲಿ ಅಭಿನಂದನೆಯ ಸಾಲು ದೊಡ್ಡ ಅಕ್ಷರದಲ್ಲಿತ್ತು, ಷರತ್ತಿನ ಸಾಲು ಸಣ್ಣದರಲ್ಲಿ. ಮಣ್ಣು ಮತ್ತು ನೀರಿನ ವಿಜ್ಞಾನ ಓದಲು ನಿಮಗೆ ಸೀಟು ಸಿಕ್ಕಿದೆ. ಬೇಸಿಗೆ ಮುಗಿಯುವುದರೊಳಗೆ ಕಮ್ಯುನಿಟಿ ಕಾಲೇಜಿನ ಅರವತ್ತು ಯೂನಿಟ್ ಪೂರ್ತಿಯಾಗಿರಬೇಕು. ಆಗಿದೆ ಎಂದೇ ಅವನು ನಂಬಿದ್ದ. ಆರು ವರ್ಷ ಸಂಜೆಯ ಕ್ಲಾಸುಗಳಲ್ಲಿ ತೂಕಡಿಸಿಕೊಂಡು, ಬೂಟಿನ ಕೆಸರನ್ನು ಬೆಂಚಿನ ಕೆಳಗೆ ಉದುರಿಸಿಕೊಂಡು ಕೂಡಿಸಿದ ಅರವತ್ತು. ಜೂನ್ ಮೊದಲ ವಾರ ಕಾಲೇಜಿನ ಸಲಹೆಗಾರ್ತಿ ಕನ್ನಡಕವನ್ನು ಹಣೆಗೇರಿಸಿ, ಪರದೆಯನ್ನೇ ನೋಡುತ್ತ, ಒಂದು ಸಣ್ಣ ತೊಂದರೆ ಇದೆಯಲ್ಲ ಎಂದಳು. ಐದು ವರ್ಷದ ಹಿಂದೆ ಒಂದು ಚಳಿಗಾಲ ಅವನು ಉತ್ತರದ ಕಡೆ ಅಣಬೆ ಫಾರಮ್ಮಿನಲ್ಲಿ ಕೆಲಸಕ್ಕಿದ್ದಾಗ ಅಲ್ಲಿಯ ಕಾಲೇಜಿನಲ್ಲಿ ಇಂಗ್ಲಿಷ್ ಕ್ಲಾಸು ತೆಗೆದುಕೊಂಡಿದ್ದ. ಅಲ್ಲಿ ಓದಿನ ವರ್ಷವನ್ನು ಮೂರು ಭಾಗ ಮಾಡುತ್ತಾರೆ, ಇಲ್ಲಿ ಎರಡು. ಅಲ್ಲಿಯ ನಾಲ್ಕು ಯೂನಿಟ್ ಇಲ್ಲಿಗೆ ಬರುವಾಗ ಸೊರಗಿ ಎರಡು ಮತ್ತು ಮೂರನೇ ಎರಡು ಪಾಲು ಆಗುತ್ತದೆ. ಅವನು ಅದನ್ನು ಮೂರು ಎಂದು ಎಣಿಸಿಕೊಂಡು ಐದು ವರ್ಷ ನೆಮ್ಮದಿಯಾಗಿದ್ದ. ಈಗ ಒಂದು ಯೂನಿಟ್ಟಿನ ಮೂರನೇ ಒಂದು ಪಾಲು ಕಮ್ಮಿ. ಅಷ್ಟು ಮಾತ್ರ ಕಲಿಸುವ ಕ್ಲಾಸು ಜಗತ್ತಿನಲ್ಲೆಲ್ಲೂ ಇಲ್ಲ ಎಂದು ಸಲಹೆಗಾರ್ತಿ ನಿಜವಾಗಿಯೂ ಬೇಜಾರಿನಿಂದಲೇ ಹೇಳಿದಳು. ಬೇಸಿಗೆಯ ಪಟ್ಟಿಯಲ್ಲಿ ಯೋಗ ತುಂಬಿತ್ತು, ತೂಕ ಎತ್ತುವುದು ತುಂಬಿತ್ತು, ನಡಿಗೆಯ ಕ್ಲಾಸು ಕೂಡ ತುಂಬಿತ್ತು. ಜಾಗ ಇದ್ದದ್ದು ಒಂದೇ: ಆರಂಭಿಕರಿಗೆ ಈಜು. ಆ ಸಾಲನ್ನು ಓದುವಾಗ ಇಸಾವ್ರೊಗೆ ಯಾರೋ ತನ್ನ ಬಗ್ಗೆ ಎಲ್ಲ ಗೊತ್ತಿದ್ದವರೇ ಈ ಪಟ್ಟಿಯನ್ನು ಮಾಡಿದ್ದಾರೆ ಅನ್ನಿಸಿತ್ತು. ಸರಿ, ಅದನ್ನೇ ಕೊಡಿ ಅಂದಿದ್ದ.

ಮನೆಯಲ್ಲಿ ಹೇಳಿದಾಗ ಅಮ್ಮ ಒಲೆಯ ಮೇಲಿನ ತೊರ್ತಿಯಾ ರೊಟ್ಟಿ ಸೀದು ಹೋಗುವವರೆಗೆ ನಕ್ಕಳು. ಪಾತೊಗೆ ಈಜು ಕಲಿಸುತ್ತಾರಂತೆ ಎಂದು ಅವತ್ತೇ ನಾಲ್ಕು ಮನೆಗೆ ಫೋನು ಮಾಡಿದಳು. ಅವರ ಮನೆಮಾತಿನಲ್ಲಿ ಪಾತೊ ಅಂದರೆ ಬಾತುಕೋಳಿ. ಇಸಾವ್ರೊ ಅನ್ನುವ ಹೆಸರು ಬ್ಯಾಂಕಿಗೆ, ಕಾಲೇಜಿಗೆ; ಊರಿಗೆಲ್ಲ ಅವನು ಪಾತೊ. ಟೈರಿನ ಅಂಗಡಿಯವನಿಗೆ ಪಾತೊ, ಇಗರ್ಜಿಯಲ್ಲಿ ಗಿಟಾರ್ ಬಾರಿಸುವವನಿಗೆ ಪಾತೊ, ಒಂದು ಕಾಲದಲ್ಲಿ ಅವನು ಇಷ್ಟಪಟ್ಟಿದ್ದ ಹುಡುಗಿಗೂ ಪಾತೊ. ಆ ಹೆಸರನ್ನು ಇಟ್ಟದ್ದು ಚಿಕ್ಕಪ್ಪ ರಮೀರೊ. ಪ್ರತಿ ನಾಮಕರಣದಲ್ಲಿ, ಪ್ರತಿ ಮದುವೆಯಲ್ಲಿ ಎರಡನೇ ಬಿಯರಿನ ಹೊತ್ತಿಗೆ ಚಿಕ್ಕಪ್ಪ ಅವನ ಹೆಗಲ ಮೇಲೆ ಕೈಹಾಕಿ ಶುರುಮಾಡುತ್ತಿದ್ದ: ಹತ್ತು ವರ್ಷದ ಹುಡುಗ, ನೀರಾವರಿ ಕಾಲುವೆ, ಬಿದ್ದವಳು ನನ್ನ ಮಗಳು, ಹಿಂದೆಮುಂದೆ ನೋಡದೆ ಹಾರಿದ. ವರ್ಷದಿಂದ ವರ್ಷಕ್ಕೆ ಕಾಲುವೆ ಅಗಲವಾಗುತ್ತಿತ್ತು. ಹೋದ ಸಲದ ಮದುವೆಯಲ್ಲಿ ಅದಕ್ಕೊಂದು ಸುಳಿಯೂ ಬಂದಿತ್ತು. ಕೇಳುವವರು ಬೆನ್ನು ತಟ್ಟುತ್ತಿದ್ದರು. ಇಸಾವ್ರೊ ತಟ್ಟೆಯಲ್ಲಿದ್ದ ಅನ್ನವನ್ನು ಫೋರ್ಕಿನಿಂದ ಆಚೆಗೂ ಈಚೆಗೂ ತಳ್ಳುತ್ತ ಕೂತಿರುತ್ತಿದ್ದ. ಮೇಜಿನ ಆ ಕಡೆ ಗ್ರಿಸೆಲ್ದಾ, ಅಂದರೆ ಆ ಬಿದ್ದ ಮಗಳು, ಅವನತ್ತ ಯಾವತ್ತೂ ನೋಡುತ್ತಿರಲಿಲ್ಲ.

ಈಗ ಹೊರಗೆ ಹಾರ್ನ್ ಹೊಡೆದವಳು ಅವಳೇ. ಹಲ್ಲಿನ ಆಸ್ಪತ್ರೆಯಲ್ಲಿ ಅವಳಿಗೆ ಶುಕ್ರವಾರ ರಜೆ, ಅಮ್ಮನಿಗೆ ದ್ರಾಕ್ಷಿ ಪ್ಯಾಕಿಂಗ್ ಶೆಡ್ಡಿನಲ್ಲಿ ರಜೆಯಿಲ್ಲ. ಆದ್ದರಿಂದ ಪಾತೊ ಈಜುವುದನ್ನು ಫೋನಿನಲ್ಲಿ ಹಿಡಿದು ತರಬೇಕೆಂದು ಅಮ್ಮ ಅವಳಿಗೆ ಹೇಳಿ ಕಳಿಸಿದ್ದಳು. ಇಸಾವ್ರೊ ನಿನ್ನೆ ಬೇಡವೆಂದಿದ್ದ, ಮೊನ್ನೆಯೂ ಬೇಡವೆಂದಿದ್ದ. ಬೇಡ ಎನ್ನುವುದಕ್ಕೆ ಕಾರಣ ಕೇಳಿದರೆ ಹೇಳುವಂಥದ್ದೇನೂ ಇರಲಿಲ್ಲ. ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಂಡ. ಅವಳು ಫಾಯಿಲ್ಲಿನಲ್ಲಿ ಸುತ್ತಿದ, ರೊಟ್ಟಿಯೊಳಗೆ ಮೊಟ್ಟೆ ತುಂಬಿದ ಬುರಿತೊ ತಂದಿದ್ದಳು. ಹೊಟ್ಟೆ ತುಂಬಿದರೆ ಮುಳುಗುತ್ತೇನೆ ಎಂದು ಅವನು ಅದನ್ನು ತೊಡೆಯ ಮೇಲೇ ಇಟ್ಟುಕೊಂಡ. ಜುಲೈ ಕೊನೆಯ ಬಿಸಿಲು ಹತ್ತು ಗಂಟೆಗೇ ರಸ್ತೆಯನ್ನು ಸುಡುತ್ತಿತ್ತು. ಆಮೇಲೆ ಕಾಲುವೆಯ ಸೇತುವೆ ಬಂತು.

ಅದೇ ಕಾಲುವೆ. ಎರಡೂ ಕಡೆ ಇಳಿಜಾರಿನ ಕಾಂಕ್ರೀಟು, ಮೇಲೆ ಜಲ್ಲಿ ದಾರಿ, ಅಲ್ಲಲ್ಲಿ ನೀರಿಗಿಳಿಯುವ ಕಬ್ಬಿಣದ ಏಣಿ. ಇಪ್ಪತ್ತು ವರ್ಷದ ಹಿಂದೆ ಇಲ್ಲೇ ಗ್ರಿಸೆಲ್ದಾಳ ಚಪ್ಪಲಿ ಜಾರಿತ್ತು, ಗುಲಾಬಿ ಬಣ್ಣದ್ದು, ಮೇಲೊಂದು ಹೂವು. ಅದನ್ನು ಹಿಡಿಯಲು ಕೂತು ಕೂತೇ ಇಳಿದಳು, ಎಂಟು ವರ್ಷದವಳು, ಕಾಂಕ್ರೀಟಿನ ಪಾಚಿಯ ಮೇಲೆ ಕಾಲಿಟ್ಟಳು, ಅಷ್ಟೆ. ಕೂಗಲಿಲ್ಲ. ಅವಳ ಕೂದಲು ಮಾತ್ರ ನೀರಿನ ಮೇಲೆ ಹೋಗುತ್ತಿತ್ತು. ಇಸಾವ್ರೊ ದಡದ ಮೇಲೆ ಕಂಬವಾಗಿ ನಿಂತಿದ್ದ. ಇಪ್ಪತ್ತು ವರ್ಷದಿಂದ ಅವನು ಅಲ್ಲೇ ನಿಂತಿದ್ದ: ಕಣ್ಣು ಮುಚ್ಚಿದರೆ ನಿಂತ ಕಾಲು, ಬಿಟ್ಟ ಬಾಯಿ, ತೊಡೆಯ ಒಳಗಿಂದ ಬೆಚ್ಚಗೆ ಇಳಿದದ್ದು. ಆಮೇಲೆ ಅವಳು ಕೆಳಗಿನ ಏಣಿಯನ್ನು ತಾನಾಗಿಯೇ ಹಿಡಿದು, ತಾನಾಗಿಯೇ ಹತ್ತಿ, ಜಲ್ಲಿಯ ಮೇಲೆ ಬೋರಲು ಬಿದ್ದು ವಾಂತಿ ಮಾಡಿದಳು. ಅವಳು ಮುಖ ಎತ್ತುವುದರೊಳಗೆ ಅವನು ಏಣಿಯ ಕೊನೆಯ ಮೆಟ್ಟಿಲಿಗಿಳಿದು ಬೊಗಸೆ ಬೊಗಸೆಯಾಗಿ ನೀರು ತೆಗೆದು ಪ್ಯಾಂಟಿನ ಮೇಲೆ ಸುರಿದುಕೊಂಡಿದ್ದ. ಉಚ್ಚೆಯ ಗುರುತು ಕಾಣಬಾರದು. ಸಾವಿನ ಬಾಯಿಂದ ಬಂದ ತಂಗಿಗಿಂತ ಅವನಿಗೆ ಆಗ ಮುಖ್ಯವಾಗಿದ್ದದ್ದು ಅದು, ಮತ್ತು ಅದನ್ನು ಅವನು ತನಗೆ ತಾನೇ ಯಾವತ್ತೂ ಕ್ಷಮಿಸಿರಲಿಲ್ಲ. ಮನೆಯ ಹಿತ್ತಿಲಲ್ಲಿ ಗಂಡಸರು ಮಾಂಸ ಸುಡುತ್ತಿದ್ದರು. ಒದ್ದೆ ಮಗಳನ್ನು ನೋಡಿದ ಚಿಕ್ಕಪ್ಪ ಸೊಂಟದ ಬೆಲ್ಟು ಬಿಚ್ಚತೊಡಗಿದ. ಕಾಲುವೆಯ ಹತ್ತಿರ ಹೋದರೆ ಚರ್ಮ ಸುಲಿಯುತ್ತೇನೆ ಎಂದು ಅವನು ವಾರಕ್ಕೊಮ್ಮೆ ಹೇಳುತ್ತಿದ್ದವನು. ಆಗ ಗ್ರಿಸೆಲ್ದಾ ಹೇಳಿದಳು, ಇಸಾವ್ರೊ ಹಾರಿ ಎಳೆದುಕೊಂಡ ಎಂದು. ಎಲ್ಲರೂ ಅವನ ಒದ್ದೆ ಪ್ಯಾಂಟನ್ನು ನೋಡಿದರು.

ಸೇತುವೆ ದಾಟಿ ಬಾದಾಮಿಯ ಸಾಲುಗಳು ಶುರುವಾದ ಮೇಲೆ ಇಸಾವ್ರೊ ಬುರಿತೊದ ಫಾಯಿಲ್ಲನ್ನು ಸವರುತ್ತ ಹೇಳಿದ: "ನಂಗೆ ಈಜು ಬರಲ್ಲ, ಗ್ರಿಸೆಲ್ದಾ."

"ಗೊತ್ತು," ಅಂದಳು ಅವಳು. "ನೀರಲ್ಲಿದ್ದೋಳು ನಾನೇ ಅಲ್ವೇನೋ."

ಇದು ಇಷ್ಟು ಸುಲಭವಾಗಿರುತ್ತದೆಂದು ಅವನು ಎಣಿಸಿರಲಿಲ್ಲ. ಅವಳು ರಸ್ತೆಯನ್ನೇ ನೋಡುತ್ತ, ಮುಂದಿದ್ದ ಟ್ರ್ಯಾಕ್ಟರನ್ನು ದಾಟಿಸಿ, ಮತ್ತೆ ತನ್ನ ಸಾಲಿಗೆ ಬಂದ ಮೇಲೆ, ನೀನು ನನ್ನ ಮೇಲೆ ಸಿಟ್ಟಾಗಿದ್ದೀಯೆಂದೇ ಇಷ್ಟು ವರ್ಷ ಅಂದುಕೊಂಡಿದ್ದೆ ಎಂದಳು. ಸುಳ್ಳು ಹೇಳಿದ್ದು ತಾನು, ಹೆಸರು ಹೊತ್ತದ್ದು ಅವನು. ಅಪ್ಪ ಆ ಕತೆ ಎತ್ತಿದಾಗಲೆಲ್ಲ ಮೇಜಿನ ಕೆಳಗೆ ಹೋಗಿ ಕೂರೋಣ ಅನ್ನಿಸುತ್ತಿತ್ತಂತೆ. ಇಸಾವ್ರೊಗೆ ನಗು ಬಂತು, ಬಂದದ್ದು ಮೂಗಿನಲ್ಲಿ. ಅವಳು ತನ್ನನ್ನು ಹೇಡಿ ಎಂದುಕೊಂಡು ಮುಖ ತಿರುಗಿಸುತ್ತಾಳೆಂದು ಅವನು ತಿಳಿದಿದ್ದ. ಇಬ್ಬರೂ ಇಪ್ಪತ್ತು ವರ್ಷ ಒಂದೇ ಮೇಜಿನಲ್ಲಿ ಕೂತು ಒಬ್ಬರಿಗೊಬ್ಬರು ಹೆದರಿಕೊಂಡು ಅನ್ನ ತಳ್ಳಿದ್ದರು.

"ಸುಮ್ನೆ ನಿಂತ್ಬಿಟ್ಟಿದ್ದೆ ನಾನು," ಅಂದ. "ಒಂದು ಹೆಜ್ಜೆನೂ ಇಡ್ಲಿಲ್ಲ."

"ಯಾರು ಹೇಳಿದ್ದು? ಓಡ್ತಾ ಇದ್ದೆ ನೀನು. ನೀರಿಂದ ತಲೆ ಮೇಲೆ ಬಂದಾಗೆಲ್ಲ ನಿನ್ನ ಕಾಲೇ ಕಾಣ್ತಿತ್ತು ನಂಗೆ."

"ಇಲ್ಲ."

"ಮತ್ತೆ ಏಣಿ ಹತ್ರ ಹೇಗೆ ಬಂದೆ? ನಾನು ಹತ್ತೋ ಹೊತ್ತಿಗೆ ನೀನು ಅಲ್ಲೇ ಇದ್ಯಲ್ಲ. ಹಾರ್ಕೊಂಡ್ ಬಂದ್ಯಾ, ಬಾತು?"

ಅವನು ಲೆಕ್ಕ ಹಾಕಿದ. ಚಪ್ಪಲಿ ಜಾರಿದ್ದು ಪಂಪ್ ಮನೆಯ ಹತ್ತಿರ. ಏಣಿ ಇದ್ದದ್ದು ಎರಡು ವಿದ್ಯುತ್ ಕಂಬ ದಾಟಿ ಕೆಳಗೆ. ಅಷ್ಟು ದೂರವನ್ನು ನೀರು ಅವಳನ್ನು ಹೊತ್ತುಕೊಂಡು ಹೋಗಿತ್ತು. ಅವನನ್ನು ಹೊತ್ತುಕೊಂಡು ಹೋದದ್ದು ಏನು? ವಾಲ್ವುಗಳ ನಡುವಿನ ದೂರ, ನೀರಿನ ವೇಗ, ಇವೆಲ್ಲ ಅವನ ದಿನನಿತ್ಯದ ವಿಷಯ, ಆದರೂ ಇಷ್ಟು ವರ್ಷದಲ್ಲಿ ಒಮ್ಮೆಯೂ ಈ ಲೆಕ್ಕವನ್ನು ಮಾಡಿ ನೋಡಿರಲಿಲ್ಲ. ನಿಂತದ್ದು ನೆನಪಿದೆ, ಓಡಿದ್ದು ನೆನಪಿಲ್ಲ. ಮನಸ್ಸು ತನಗೆ ಬೇಕಾದ್ದನ್ನು ಇಟ್ಟುಕೊಳ್ಳುತ್ತದೆ ಎನ್ನುತ್ತಾರೆ. ಅವನದು ಬೇಡವಾದದ್ದನ್ನೇ ಜೋಪಾನ ಮಾಡಿಟ್ಟಿತ್ತು. ಪ್ಯಾಂಟಿನ ಮಾತು ಮಾತ್ರ ಅವನು ಅವಳಿಗೂ ಹೇಳಲಿಲ್ಲ. ಕಾಲೇಜು ಬಂತು, ಅವಳು ನೆರಳು ಹುಡುಕಿ ಕಾರು ನಿಲ್ಲಿಸಿದಳು.

ಕೊಳದ ಕಟ್ಟೆಯ ಮೇಲೆ ಬಿಸಿಲು ಕಾಲು ಸುಡುತ್ತಿತ್ತು. ತರಬೇತುದಾರ್ತಿ ಮೆಂಡೊನ್ಸಾ ಅರವತ್ತರ ಹೆಂಗಸು, ಮೂಗಿಗೆ ಬಿಳಿ ಮುಲಾಮು ಮೆತ್ತಿಕೊಂಡು ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಮಾತಾಡುವವಳು. ಆರು ವಾರ ಇಸಾವ್ರೊ ತುಂಬು ತೋಳಿನ ಅಂಗಿ ಹಾಕಿಕೊಂಡೇ ನೀರಿಗಿಳಿದಿದ್ದ, ಅವಳು ಏನೂ ಅಂದಿರಲಿಲ್ಲ. ಇವತ್ತು ಅದನ್ನು ತೆಗೆ, ಒದ್ದೆ ಬಟ್ಟೆ ಎಳೆಯುತ್ತದೆ, ಇದು ಪರೀಕ್ಷೆ ಎಂದಳು. ತೆಗೆದ. ಮಣಿಕಟ್ಟಿನಿಂದ ಕೆಳಗೆ, ಕುತ್ತಿಗೆಯಿಂದ ಮೇಲೆ ಹೊಲದ ಬಿಸಿಲಿನಲ್ಲಿ ಸುಟ್ಟು ಕಂದಿದ ಒಬ್ಬ ಗಂಡಸು. ನಡುವೆ ಬೆಳಕನ್ನೇ ಕಾಣದ ಬಿಳಿಚಿದ ಬೇರೊಬ್ಬ. ಹದಿನೆಂಟರ ಹುಡುಗಿಯರಿಬ್ಬರು ನೋಡಿ, ನೋಡದವರಂತೆ ಮಾಡಿದರು. ಅವನಿಗೆ ಒಮ್ಮೆಲೆ ಹೊಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಪಕ್ಕದಲ್ಲಿದ್ದ ಯೇರ್ ಮಾತ್ರ ನೇರವಾಗಿ ನೋಡಿದಳು. ಅವಳು ಗುಡ್ಡಗಾಡಿನ ಹ್ಮೊಂಗ್ ಜನರ ಅರವತ್ತೆಂಟು ವರ್ಷದ ಅಜ್ಜಿ, ಮಂಡಿನೋವಿಗೆ ಡಾಕ್ಟರು ಹೇಳಿದರೆಂದು ಈ ಕ್ಲಾಸಿಗೆ ಸೇರಿದ್ದಳು, ಸ್ಟ್ರಾಬೆರಿ ಹೊಲ ಇದ್ದವಳು.

"ನನ್ನ ಗಂಡನೂ ಹಿಂಗೇ ಇದ್ದ ತಮ್ಮಾ," ಅಂದಳು. "ಎರಡು ಬಣ್ಣ. ದುಡಿಯೋರ ಮೈ ಅದು, ಮುಚ್ಕೋಬೇಡ."

ಅವಳೇ ಮೊದಲ ವಾರ ಹೇಳಿದ್ದಳು, ಇಪ್ಪತ್ತು ವರ್ಷದವಳಿದ್ದಾಗ ಯುದ್ಧದಿಂದ ತಪ್ಪಿಸಿಕೊಂಡು ಒಂದು ದೊಡ್ಡ ನದಿಯನ್ನು ದಾಟಿದ್ದೆ ಎಂದು. ಈಜಿಕೊಂಡಾ ಎಂದು ಇಸಾವ್ರೊ ಕೇಳಿದ್ದಕ್ಕೆ, ಇಲ್ಲಪ್ಪ, ಬಿದಿರಿನ ಕಟ್ಟು ಹಿಡಿದುಕೊಂಡಿದ್ದೆ, ಬಿಡಲಿಲ್ಲ ಅಷ್ಟೆ, ಅದಕ್ಕೇ ಈಗ ಕಲಿಯುತ್ತಿದ್ದೇನೆ ಎಂದಿದ್ದಳು. ಅವನು ಆ ದಿನ ಮನೆಗೆ ಹೋಗಿ, ಈಜದೆ ಬರೀ ಹಿಡಿದುಕೊಂಡು ದಾಟಿದವರೂ ಅದಕ್ಕೆ ನಾಚಿಕೆಪಡದೆ ಬದುಕುತ್ತಾರೆ ಎಂದು ಬಹಳ ಹೊತ್ತು ಯೋಚಿಸಿದ್ದ.

ಅವನ ಸರದಿ ಬಂತು. ಮೆಂಡೊನ್ಸಾ ಸೀಟಿ ಊದಿದಳು. ಗೋಡೆಯನ್ನು ಒದ್ದು ಹೊರಟ. ಮೊದಲ ಹತ್ತು ಗಜ ಕೈಕಾಲು ಕಲಿತದ್ದನ್ನೇ ಮಾಡಿದವು. ಆಮೇಲೆ ತಲೆಯೊಳಗಿನ ಕಾಲುವೆ ತೆರೆದುಕೊಂಡಿತು, ಗುಲಾಬಿ ಚಪ್ಪಲಿ, ಕೂದಲು, ಬಾಯಿಗೆ ನುಗ್ಗಿದ ಕ್ಲೋರಿನ್ನಿನ ಒಗರು, ಮುಳುಗುತ್ತಿರುವ ತನ್ನ ಬಿಳಿಯ ಹೊಟ್ಟೆ. ಎಡಗೈ ತಾನಾಗಿಯೇ ಪಕ್ಕಕ್ಕೆ ಹೋಗಿ ಹಗ್ಗವನ್ನು ಹಿಡಿಯಿತು. ಒಂದೇ ಕ್ಷಣ, ಒಂದು ಉಸಿರಿನಷ್ಟು. ಬಿಟ್ಟ, ಒದ್ದ, ತಲೆ ಎತ್ತಿ ಎತ್ತಿ ನೀರು ಬಡಿಯುತ್ತ ಆಚೆಯ ಗೋಡೆ ಮುಟ್ಟಿದ. ಕೆಮ್ಮುತ್ತ ತಿರುಗಿ ನೋಡಿದರೆ ಮೆಂಡೊನ್ಸಾ ಆ ಕಡೆ ನೀರು ಕುಡಿದು ಕೆಮ್ಮುತ್ತಿದ್ದ ಯೇರ್ ಅಜ್ಜಿಯ ಬೆನ್ನು ನೀವುತ್ತಿದ್ದಳು. ಅವನು ಹಗ್ಗ ಹಿಡಿದದ್ದನ್ನು ಅವಳು ನೋಡಿರಲಿಲ್ಲ. ಕೈಯಲ್ಲಿದ್ದ ಹಲಗೆಯ ಮೇಲಿನ ಹಾಳೆಯಲ್ಲಿ ಅವನ ಹೆಸರಿನ ಮುಂದೆ ಗುರುತು ಹಾಕಲು ಪೆನ್ನೆತ್ತಿದಳು, ಚೆನ್ನಾಗಿ ಮಾಡಿದೆ ಎಂದಳು.

ಆ ಕ್ಷಣ ಇಸಾವ್ರೊ ಮತ್ತೆ ಹತ್ತು ವರ್ಷದವನಾಗಿ ಹಿತ್ತಿಲಲ್ಲಿ ಒದ್ದೆ ಪ್ಯಾಂಟಿನಲ್ಲಿ ನಿಂತಿದ್ದ. ಎಲ್ಲರೂ ಅವನನ್ನೇ ನೋಡುತ್ತಿದ್ದರು, ಅವನು ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿದ್ದರೆ ಪತ್ರ ಫ್ರಿಜ್ಜಿನ ಮೇಲೆ ಇರುತ್ತದೆ, ಆಗಸ್ಟಿನಲ್ಲಿ ಬಸ್ಸು ಹತ್ತುತ್ತಾನೆ, ನೀರಿನ ವಿಜ್ಞಾನ ಓದುತ್ತಾನೆ, ಮತ್ತು ಯಾರಾದರೂ ಈಜು ಎಲ್ಲಿ ಕಲಿತೆ ಎಂದು ಕೇಳಿದಾಗಲೆಲ್ಲ ಅನ್ನ ತಳ್ಳುತ್ತಾನೆ. ಮೂರನೇ ಒಂದು ಪಾಲಿನ ವಿಷಯ. ಹಗ್ಗ ಹಿಡಿದದ್ದು ಅದಕ್ಕಿಂತಲೂ ಚಿಕ್ಕದು.

"ಹಗ್ಗ ಮುಟ್ಟಿದೆ ಮೇಡಂ," ಅಂದ. "ಮಧ್ಯದಲ್ಲಿ."

ಮೆಂಡೊನ್ಸಾ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡಳು. ಬೈಯಲಿಲ್ಲ, ಹೊಗಳಲೂ ಇಲ್ಲ. "ಹಾಗಾದ್ರೆ ವಾಪಸ್ ಬಾ," ಅಂದಳು. "ಈ ಕಡೆಗೂ ಇಪ್ಪತ್ತೈದು ಗಜವೇ ಇದೆ. ದಣಿದ್ರೆ ಅಂಗಾತ ಮಲಕ್ಕೋ, ಅದನ್ನೂ ಕಲ್ಸಿದೀನಿ."

ಕಲಿಸಿದ್ದಳು, ಅವನಿಗೆ ಬಂದಿರಲಿಲ್ಲ. ಅಂಗಾತ ಮಲಗಿದ ಕೂಡಲೇ ಅವನ ಕಾಲು ಇಳಿಯುತ್ತಿತ್ತು, ಕುತ್ತಿಗೆ ಬಿಗಿಯುತ್ತಿತ್ತು. ನೀನು ನೀರನ್ನು ವಾಲ್ವು ಹಿಡಿದ ಹಾಗೆ ಹಿಡಿಯುತ್ತೀಯ, ಅದು ಎಲ್ಲಿಗೂ ಹೋಗುವುದಿಲ್ಲ, ಬಿಡು ಎಂದು ಆರು ವಾರ ಹೇಳಿ ಅವಳಿಗೂ ಸಾಕಾಗಿತ್ತು. ಈಗ ತೋಳುಗಳು ಸೀಸದ ಹಾಗೆ ಭಾರವಾಗಿದ್ದವು. ಗೋಡೆ ಒದ್ದು ಹೊರಟ. ಹತ್ತು ಗಜ, ಹನ್ನೆರಡು. ಹಗ್ಗ ಪಕ್ಕದಲ್ಲೇ ಕೆಂಪು ಬಿಳಿ ಮಣಿಗಳಾಗಿ ಕುಣಿಯುತ್ತಿತ್ತು. ಇನ್ನಾಗುವುದಿಲ್ಲ ಎಂದು ಖಂಡಿತವಾಗಿ ಗೊತ್ತಾದ ಕಡೆ ಅವನು ತಿರುಗಿ ಅಂಗಾತ ಮಲಗಿದ. ಮಲಗಿದ ಎನ್ನುವುದಕ್ಕಿಂತ ಸೋತ. ಕಿವಿ ನೀರಿಗಿಳಿದು ಊರಿನ ಸದ್ದೆಲ್ಲ ನಿಂತಿತು. ಮುಳುಗುವುದನ್ನು ಕಾದ. ಮುಳುಗಲಿಲ್ಲ. ಮೇಲೆ ಧೂಳು ತುಂಬಿದ ಬಿಳಿಯ ಆಕಾಶ, ಅದರಲ್ಲಿ ಏನೂ ಇರಲಿಲ್ಲ, ಏನೂ ಬೇಕಾಗಿಯೂ ಇರಲಿಲ್ಲ. ಕಟ್ಟೆಯ ಮೇಲೆ ಗ್ರಿಸೆಲ್ದಾ ಫೋನು ಹಿಡಿದುಕೊಂಡೇ ಅವನ ಜೊತೆಜೊತೆಗೆ ನಡೆಯುತ್ತಿದ್ದಳು. ಓರೆಗಣ್ಣಿಗೆ ಅವಳ ಕಾಲು ಮಾತ್ರ ಕಾಣುತ್ತಿತ್ತು, ಚಪ್ಪಲಿ ಹಾಕಿದ ಎರಡು ಕಾಲು, ಅವನು ಎಷ್ಟು ಸರಿದರೆ ಅಷ್ಟು. ನೀರಿನಲ್ಲಿದ್ದವರಿಗೆ ಅಷ್ಟು ಕಂಡರೆ ಸಾಕಾಗುತ್ತದೆ ಎಂದು ಅವನಿಗೆ ಆಗ ಅರ್ಥವಾಯಿತು. ಎಷ್ಟೋ ವರ್ಷದ ಮೇಲೆ ಪೂರ್ತಿ ಉಸಿರು ಎಳೆದ. ಕಾಲು ಬಡಿಯುತ್ತ ಬಡಿಯುತ್ತ ಹೋದವನಿಗೆ ಗೋಡೆ ಬಂದದ್ದು ತಲೆಗೆ ಟಣ್ ಎಂದು ತಾಗಿದಾಗಲೇ ಗೊತ್ತಾದದ್ದು. ಯೇರ್ ಅಜ್ಜಿ ಚಪ್ಪಾಳೆ ತಟ್ಟಿದಳು. ಮೆಂಡೊನ್ಸಾ ಹಾಳೆಯಲ್ಲಿ ಗುರುತು ಹಾಕಿ, ಮುಂದಿನವರ ಹೆಸರು ಕೂಗಿದಳು.

ಗೋಡೆ ಹಿಡಿದು ಸುಧಾರಿಸಿಕೊಂಡು ಏಣಿ ಹತ್ತಿ ಮೇಲೆ ಬಂದವನ ಕೈಗೆ ಗ್ರಿಸೆಲ್ದಾ ಟವೆಲ್ಲಿನ ಬದಲು ಫೋನು ಕೊಟ್ಟಳು. ಅಮ್ಮ ಶೆಡ್ಡಿನ ಊಟದ ಬಿಡುವಿನಲ್ಲಿ ಅವಳು ಕಳಿಸಿದ ವಿಡಿಯೋ ನೋಡಿ ಕರೆ ಮಾಡಿದ್ದಳು. ತಲೆಗೆ ಬಲೆಯ ಟೋಪಿ, ಹಿಂದೆ ದ್ರಾಕ್ಷಿಯ ಡಬ್ಬಗಳ ಗೋಡೆ. ಪಾಸಾಯಿತಾ ಎಂದಳು. ಆಯಿತು ಅಂದ. ಅವಳು ಶಿಲುಬೆಯ ಗುರುತು ಮಾಡಿ, ಪಕ್ಕದವಳಿಗೆ ಏನೋ ಕೂಗಿ ಹೇಳಿ, ಕಣ್ಣೊರಸಿಕೊಂಡಳು. ಇನ್ನು ಹೇಳದಿದ್ದರೆ ಮತ್ತೆ ಇಪ್ಪತ್ತು ವರ್ಷ ಹೋಗುತ್ತದೆ ಎಂದು ಇಸಾವ್ರೊಗೆ ಅನ್ನಿಸಿತು. ನೀರು ಮೈಯಿಂದ ಸಿಮೆಂಟಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಅಮ್ಮ, ಆವತ್ತು ಕಾಲುವೆಗೆ ನಾನು ಹಾರ್ಲಿಲ್ಲ."

ಅಮ್ಮ ಟೋಪಿ ಸರಿಮಾಡಿಕೊಂಡಳು.

"ನಿನ್ನ ಬಟ್ಟೆ ಒಗೆದೋಳು ಯಾರು ಅಂದ್ಕೊಂಡಿದೀಯ?" ಅಂದಳು. "ಪ್ಯಾಂಟು ಒದ್ದೆ ಇತ್ತು, ಶರ್ಟು ಒಣಗೇ ಇತ್ತು ಕಣೋ. ಕಾಲರ್‌ವರೆಗೂ ಒಣಗಿತ್ತು. ಆ ಪ್ಯಾಂಟಿನ ವಾಸನೆನೂ ನಂಗೆ ಗೊತ್ತಾಯ್ತು."

ಇಸಾವ್ರೊ ಗ್ರಿಸೆಲ್ದಾ ಕಡೆ ನೋಡಿದ. ಅವಳಿಗೆ ಕೇಳಿಸಿತ್ತು, ಮುಖ ಆ ಕಡೆ ಮಾಡಿಕೊಂಡು ನಗುತ್ತಿದ್ದಳು, ಹೆಗಲು ಅಲುಗುತ್ತಿತ್ತು. ಮತ್ತೆ ಇಷ್ಟು ವರ್ಷ ಯಾಕೆ ಪಾತೊ ಪಾತೊ ಅಂದೆ ಎಂದು ಅವನು ಅಮ್ಮನನ್ನು ಕೇಳಿದ.

"ಬಾತುಕೋಳಿ ನಡೆಯೋದೂ ಉಂಟು," ಅಂದಳು ಅಮ್ಮ. "ಮಗೂನ ಕೈ ಹಿಡ್ಕೊಂಡು ಮನೆಗೆ ನಡೆಸ್ಕೊಂಡು ಬಂದೆ ನೀನು. ಬಾಗಿಲಿಗೆ ಬಂದ ಮೇಲೂ ಬಿಟ್ಟಿರ್ಲಿಲ್ಲ." ಶೆಡ್ಡಿನಲ್ಲಿ ಗಂಟೆ ಹೊಡೆಯಿತು, ಅವಳು ಎದ್ದಳು. "ಇವತ್ತು ಎಲ್ಲೀವರೆಗೆ?"

ಅವನು ತನ್ನ ಎರಡು ಬಣ್ಣದ ಮೈಯನ್ನು ನೋಡಿಕೊಂಡ.

"ಇವತ್ತು ತಲೆವರೆಗೂ ಒದ್ದೆ, ಅಮ್ಮ."